ಐಎಸ್‌ಒ ಏರಿಸಲು ಹೆದರಬೇಡಿ

ಹಕ್ಕಿ, ಕಾಡುಪ್ರಾಣಿಗಳ ಫೋಟೋ ತೆಗೆಯುವವರ ನಡುವೆ ಒಂದು ಮಾತು ಪದೇ ಪದೇ ಕೇಳಿಬರುತ್ತದೆ. "ಐಎಸ್‌ಒ 800 ದಾಟಿಸಬೇಡಿ, ಫೋಟೋ ಕಾಳು ಕಾಳಾಗುತ್ತೆ." ಐಎಸ್‌ಒ ಅಂದರೆ ಹಿಡಿದ ಬೆಳಕನ್ನು ಕ್ಯಾಮೆರಾ ಎಷ್ಟು ಹೆಚ್ಚಿಸಿ ತೋರಿಸಬೇಕು ಅನ್ನುವ ಸೆಟ್ಟಿಂಗ್. ಹೊಸದಾಗಿ ಕ್ಯಾಮೆರಾ ಹಿಡಿದವರು ಆ ಮಾತನ್ನು ನಂಬಿ ಐಎಸ್‌ಒ 400ಕ್ಕೆ ಇಟ್ಟು ಕೂರುತ್ತಾರೆ. ಆಗ ಮುಂಜಾನೆಯ ಮಂಕು ಬೆಳಕಲ್ಲಿ ಚಿತ್ರ ಕತ್ತಲಾಗದಿರಲು ಶಟರ್ ಹೆಚ್ಚು ಹೊತ್ತು ತೆರೆದಿರಬೇಕು, ಶಟರ್ ಸ್ಪೀಡ್ 1/100 ಸೆಕೆಂಡಿಗೆ ಇಳಿದಿರುತ್ತದೆ. ಜಿಂಕೆ ಸ್ವಲ್ಪ ಕತ್ತು ತಿರುಗಿಸಿದರೂ ಸಾಕು, ಫೋಟೋ ಹಾಳು. ಆಮೇಲೆ ಲೆನ್ಸ್ ಸರಿ ಇಲ್ಲ ಅಂತ ಬೈಯುತ್ತಾರೆ. ಲೆನ್ಸ್ ತಾನೇ ಪಾಪ ಏನು ಮಾಡೀತು?

ಮೊದಲು ಸ್ವಲ್ಪ ಲೆಕ್ಕ ಹಾಕೋಣ. ಒಂದು ಹಕ್ಕಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹಾರುತ್ತಿದೆ ಅಂದುಕೊಳ್ಳಿ. ಶಟರ್ 1/250 ಸೆಕೆಂಡ್ ತೆರೆದಿದ್ದರೆ ಅಷ್ಟರಲ್ಲಿ ಅದು 4 ಸೆಂ.ಮೀ. ಮುಂದೆ ಹೋಗಿರುತ್ತದೆ. 1/1000 ಇಟ್ಟರೆ 1 ಸೆಂ.ಮೀ. ಕಡಿಮೆ ಅನ್ನಿಸುತ್ತೆ, ಅಲ್ವಾ? ಆದರೆ ರೆಕ್ಕೆ ಬಿಚ್ಚಿದಾಗ ಒಂದು ಮೀಟರ್ ಅಗಲದ ಹಕ್ಕಿ 6000 ಪಿಕ್ಸೆಲ್ ಅಗಲದ ಚಿತ್ರವನ್ನು ತುಂಬಿಕೊಂಡಿದ್ದರೆ, ಆ ಒಂದು ಸೆಂಟಿಮೀಟರ್ ಅಂದರೆ 60 ಪಿಕ್ಸೆಲ್. ಅದರ ಇಡೀ ಕಣ್ಣು ಒರೆಸಿದ ಹಾಗೆ ಆಗಲು ಅಷ್ಟು ಸಾಕು. ಹಕ್ಕಿಯ ಜೊತೆಗೇ ಕ್ಯಾಮೆರಾ ತಿರುಗಿಸಿಕೊಂಡು ಹೋದರೆ ಇದು ಬಹಳ ಕಡಿಮೆಯಾಗುತ್ತದೆ, ನಿಜ, ಆದರೆ ಬಡಿಯುತ್ತಿರುವ ರೆಕ್ಕೆಯ ತುದಿಯನ್ನು ಯಾರ ಕೈಯೂ ಹಿಂಬಾಲಿಸಲಾರದು. ಹಾಗಾಗಿ ಹಾರುವ ಹಕ್ಕಿಗೆ 1/2000, 1/3200 ಬೇಕೇ ಬೇಕು. ಲೆನ್ಸಿನಲ್ಲಿರುವ ಸ್ಟೆಬಿಲೈಸೇಶನ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದು ನಿಮ್ಮ ಕೈ ನಡುಕವನ್ನು ತಡೆಯುತ್ತದೆ, ಹಕ್ಕಿಯನ್ನು ನಿಲ್ಲಿಸುವುದಿಲ್ಲ.

ಇನ್ನು ಆ ಕಾಳಿನ ವಿಷಯ. ಇದು ನನಗೆ ತುಂಬಾ ಇಷ್ಟವಾದ ಸಂಗತಿ. ಜನ ಕ್ಯಾಮೆರಾದ ದೋಷ ಅಂದುಕೊಳ್ಳುವ ಈ ಕಾಳು ಬಹುಪಾಲು ಬರುವುದು ಬೆಳಕಿನಿಂದಲೇ. ಬೆಳಕು ಬಿಡಿಬಿಡಿ ಕಣಗಳಾಗಿ ಬರುತ್ತದೆ ಅಂತ 1905ರಲ್ಲೇ ಐನ್‌ಸ್ಟೈನ್ ಹೇಳಿದ್ದರು. ಆ ಕಣಗಳೇ ಫೋಟಾನ್‌ಗಳು. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್‌ನ ಪ್ರತಿ ಪಿಕ್ಸೆಲ್ ಮಾಡುವ ಕೆಲಸ ಅವನ್ನು ಎಣಿಸುವುದು, ಅಷ್ಟೇ. ಮಳೆ ಶುರುವಾಗುವಾಗ ಅಂಗಳದಲ್ಲಿ ಸಾಲಾಗಿ ಬಟ್ಟಲು ಇಟ್ಟಿದ್ದೀರಿ ಅನ್ನಿ. ಕ್ಷಣ ಬಿಟ್ಟು ನೋಡಿದರೆ ಒಂದರಲ್ಲಿ ಐದು ಹನಿ, ಪಕ್ಕದ್ದರಲ್ಲಿ ಒಂಬತ್ತು, ಅದರಾಚೆಯದರಲ್ಲಿ ಏಳು. ಅರ್ಧ ಗಂಟೆ ಬಿಟ್ಟು ನೋಡಿದರೆ ಎಲ್ಲ ಬಟ್ಟಲುಗಳಲ್ಲೂ ನೀರು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದಿರುತ್ತದೆ. ಮಳೆ ಅದೇ, ಬಟ್ಟಲೂ ಅವೇ.

ಇದಕ್ಕೆ ಒಂದು ಸರಳ ಸೂತ್ರ ಇದೆ. ಸರಾಸರಿ 100 ಫೋಟಾನ್ ಬೀಳುವ ಜಾಗದಲ್ಲಿ ಏರುಪೇರು ಅದರ ವರ್ಗಮೂಲದಷ್ಟು, ಅಂದರೆ 10. ನೂರಕ್ಕೆ ಹತ್ತು ಪಾಲು. 10,000 ಬಿದ್ದರೆ ಏರುಪೇರು 100, ನೂರಕ್ಕೆ ಒಂದೇ ಪಾಲು. ಒಂದೇ ಬಣ್ಣದ ಆಕಾಶದಲ್ಲಿ ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಕಾಣುವ ಆ ಒರಟುತನ ಇದೇ. ಎಷ್ಟು ಫೋಟಾನ್ ಬೀಳಬೇಕು ಅಂತ ತೀರ್ಮಾನಿಸುವುದು ಪ್ರಾಣಿಯ ಮೇಲಿನ ಬೆಳಕು, ಅಪರ್ಚರ್ (ಲೆನ್ಸಿನೊಳಗಿನ ಕಿಂಡಿಯ ಅಗಲ) ಮತ್ತು ಶಟರ್ ಸ್ಪೀಡ್. ಐಎಸ್‌ಒ ಆ ಪಟ್ಟಿಯಲ್ಲೇ ಇಲ್ಲ. ಬೆಳಕು ಬಿದ್ದು ಮುಗಿದ ಮೇಲೆ, ಬಂದ ಸಂಕೇತವನ್ನು ಎಷ್ಟು ಪಟ್ಟು ಹೆಚ್ಚಿಸಬೇಕು ಅನ್ನುವುದಷ್ಟೇ ಅದರ ಕೆಲಸ.

ನಂಬಿಕೆ ಬರದಿದ್ದರೆ ನೀವೇ ನೋಡಿ. ರಾ ಫಾರ್ಮ್ಯಾಟ್ (ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ಬಗೆ) ಇಟ್ಟುಕೊಂಡು, ಅಪರ್ಚರ್ ಮತ್ತು ಶಟರ್ ಬದಲಿಸದೆ, ಒಂದೇ ವಸ್ತುವನ್ನು ಐಎಸ್‌ಒ 400ರಲ್ಲಿ ಒಮ್ಮೆ, 3200ರಲ್ಲಿ ಒಮ್ಮೆ ತೆಗೆಯಿರಿ. ಕತ್ತಲಾಗಿ ಬಂದ ಮೊದಲ ಚಿತ್ರವನ್ನು ಕಂಪ್ಯೂಟರಿನಲ್ಲಿ ಮೂರು ಸ್ಟಾಪ್, ಅಂದರೆ ಮೂರು ಸಲ ಎರಡರಷ್ಟು, ಬೆಳಗಿಸಿ. ಕಾಳು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಎಷ್ಟೋ ಕ್ಯಾಮೆರಾಗಳಲ್ಲಿ 400ರದ್ದೇ ನೆರಳಿನ ಭಾಗದಲ್ಲಿ ಇನ್ನೂ ಕೊಳಕಾಗಿರುತ್ತದೆ.

ಸಾಲದ ಬೆಳಕಿನ ಜೊತೆಗಿನ ಈ ಗುದ್ದಾಟ ಹಳೆಯದು. ಅಮೆರಿಕದ ಜಾರ್ಜ್ ಶೈರಾಸ್ ರಾತ್ರಿ ಹೊತ್ತು ದೋಣಿಯಲ್ಲಿ ಹೋಗಿ ಜಿಂಕೆಗಳ ಫೋಟೋ ತೆಗೆದವರು. ಆಗಿನ ಗಾಜಿನ ಪ್ಲೇಟುಗಳಿಗೆ ಆ ಕತ್ತಲೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಅದಕ್ಕೇ ಅವರು ಮೆಗ್ನೀಸಿಯಮ್ ಪುಡಿ ಸಿಡಿಸಿ ಬೆಳಕು ಮಾಡಿಕೊಂಡರು. 1906ರ ಜುಲೈನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಅವರ 74 ಚಿತ್ರಗಳನ್ನು ಪ್ರಕಟಿಸಿತು. ಪುಡಿ ಸಿಡಿಸಿ ಪಡೆಯುತ್ತಿದ್ದ ಕ್ಷಣವನ್ನು ನಾವು ಒಂದು ಡಯಲ್ ತಿರುಗಿಸಿ ಪಡೆಯಬಹುದು, ಅದೂ ಪ್ರಾಣಿಯನ್ನು ಬೆಚ್ಚಿಬೀಳಿಸದೆ. ಅಂಥದ್ದನ್ನು ಸುಮ್ನೆ ಭಯದಿಂದ ಬಿಟ್ಟುಬಿಡುವುದು ಯಾಕೆ?

ಐಎಸ್‌ಒ ಏರಿಸಿದರೆ ನಷ್ಟವೇ ಇಲ್ಲ ಅಂತ ಅಲ್ಲ. ಹೆಚ್ಚಿಸಿದ ಸಂಕೇತ ಬೇಗ ತನ್ನ ಮಿತಿ ಮುಟ್ಟುತ್ತದೆ, ಬಿಳಿ ಭಾಗ ಸುಟ್ಟುಹೋಗುತ್ತದೆ. ಬೆಳ್ಳಕ್ಕಿಯನ್ನೇ ನೋಡಿ. ಅದರ ಎದೆಯ ಗರಿಗಳಲ್ಲಿ ಸಣ್ಣ ಸಣ್ಣ ಎಳೆಗಳಿರುತ್ತವೆ, ಒಂದರ ಮೇಲೊಂದು ತೆಳ್ಳಗೆ ನೆರಳು ಬಿದ್ದಿರುತ್ತದೆ. ಸುಟ್ಟ ಫೋಟೋದಲ್ಲಿ ಆ ಜಾಗ ಬರೀ ಖಾಲಿ ಕಾಗದ. ಅದನ್ನು ಯಾವ ಸಾಫ್ಟ್‌ವೇರ್ ಕೂಡ ವಾಪಸ್ ತರುವುದಿಲ್ಲ.

ಬೆಳಕು ಅಳೆಯುವ ಕ್ಯಾಮೆರಾದ ಮೀಟರ್‌ಗೆ ಅದು ಬೆಳ್ಳಕ್ಕಿ ಅಂತ ಗೊತ್ತಿಲ್ಲ. ಎಲ್ಲವನ್ನೂ ನಡುಮಟ್ಟದ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಕಪ್ಪು ನೀರಿನ ಮುಂದೆ ಸಣ್ಣಗೆ ಬೆಳ್ಳಕ್ಕಿ ನಿಂತಿದ್ದರೆ ನೀರನ್ನು ಬೆಳಗಿಸಲು ಹೋಗಿ ಹಕ್ಕಿಯನ್ನು ಸುಡುತ್ತದೆ. ಅದೇ ಹಕ್ಕಿ ಚಿತ್ರದ ತುಂಬ ಇದ್ದರೆ ಉಲ್ಟಾ, ಬಿಳಿ ಗರಿ ಮಾಸಲು ಬೂದಿಯಾಗುತ್ತದೆ. ಅದಕ್ಕೇ ಮೊದಲನೆಯದಕ್ಕೆ ಕಾಂಪೆನ್ಸೇಶನ್ (ಮೀಟರ್‌ನ ಲೆಕ್ಕವನ್ನು ನಾವೇ ತಿದ್ದುವ ಸೆಟ್ಟಿಂಗ್) ಒಂದು ಸ್ಟಾಪ್ ಇಳಿಸಬೇಕು, ಎರಡನೆಯದಕ್ಕೆ ಏರಿಸಬೇಕು. ಕತ್ತಲೆಯನ್ನು ಎಡಕ್ಕೆ, ಬೆಳಕನ್ನು ಬಲಕ್ಕೆ ತೋರಿಸುವ ಹಿಸ್ಟೋಗ್ರಾಮ್ ನಕ್ಷೆಯ ಗುಡ್ಡ ಬಲಗಡೆ ಗೋಡೆಗೆ ಒರಗಿದೆಯಾ ಅಂತ ಒಮ್ಮೆ ನೋಡಿಕೊಂಡರೆ ಸಾಕು. ಮ್ಯಾನುಯಲ್ ಮೋಡ್‌ನಲ್ಲಿ ಶಟರ್, ಅಪರ್ಚರ್ ನೀವೇ ಇಟ್ಟು, ಐಎಸ್‌ಒ ಆಟೋಗೆ ಬಿಟ್ಟರೆ ಇದಿಷ್ಟೂ ಸಲೀಸು.

ಫೋಕಸ್ ಬಗ್ಗೆ ಒಂದೇ ಮಾತು. ಫುಲ್ ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾದಲ್ಲಿ 500 ಎಂಎಂ ಲೆನ್ಸ್, ಅಪರ್ಚರ್ ಎಫ್ 5.6, ಹಕ್ಕಿ 10 ಮೀಟರ್ ದೂರ. ಆಗ ಸ್ಪಷ್ಟವಾಗಿ ಕಾಣುವ ಪದರ ಸುಮಾರು 13 ಸೆಂ.ಮೀ. ದಪ್ಪ ಇರುತ್ತದೆ. 5 ಮೀಟರಿಗೆ ಬಂದರೆ ಬರೀ 3 ಸೆಂ.ಮೀ. ಕಣ್ಣಿಗೇ ಫೋಕಸ್ ಮಾಡಿ ಅನ್ನುವುದು ಅದಕ್ಕೇ.

ಕಾಳು ಜಾಸ್ತಿ ಆಗಲು ಯಾರೂ ಅನುಮಾನಿಸದ ಇನ್ನೊಂದು ಕಾರಣ ಇದೆ. ಅದು ಕ್ರಾಪ್. ಚಿತ್ರದ ಅರ್ಧ ಅಗಲ, ಅರ್ಧ ಎತ್ತರ ಮಾತ್ರ ಉಳಿಸಿಕೊಂಡರೆ ಹಿಡಿದ ಬೆಳಕಿನ ಮುಕ್ಕಾಲು ಪಾಲು ಎಸೆದ ಹಾಗೆ. ಉಳಿದದ್ದನ್ನು ದೊಡ್ಡದು ಮಾಡಿ ನೋಡಿದಾಗ ಕಾಳು ಎದ್ದು ಕಾಣುತ್ತದೆ, ಬೈಗುಳ ಮಾತ್ರ ಐಎಸ್‌ಒಗೆ. ಪ್ರಾಣಿ ತಾನಾಗಿ ಹತ್ತಿರ ಬರುವ ಜಾಗದಲ್ಲಿ ಮೊದಲೇ ಹೋಗಿ ಕದಲದೆ ಕೂತಿರುವುದು ಇದಕ್ಕೆ ಒಳ್ಳೆಯ ಉಪಾಯ. ಬೆನ್ನಟ್ಟಿದರೆ ಅದು ಇನ್ನೂ ದೂರ ಹೋಗುತ್ತದೆ. ಬಿಸಿಲೇರಿ ನೆಲ ಕಾದ ಮೇಲಂತೂ ನಡುವಿನ ಗಾಳಿಯೇ ಕುದಿಯುವ ಹಾಗೆ ಅಲುಗಾಡುತ್ತದೆ. ಆಗ 1/4000 ಇಟ್ಟರೂ ದೂರದ ಪ್ರಾಣಿಯ ಕೂದಲು ಕಲಸಿದಂತೆ ಬರುತ್ತದೆ, ಎಷ್ಟು ದುಬಾರಿ ಲೆನ್ಸ್ ಆದರೂ ಅಷ್ಟೇ. ಆ ಹೊತ್ತಿನಲ್ಲಿ ದೂರದ್ದನ್ನು ಬಿಟ್ಟು ಹತ್ತಿರದ ನೆರಳಿನಲ್ಲಿ ಏನಿದೆ ಅಂತ ಹುಡುಕಿ, ಐಎಸ್‌ಒ ಎಷ್ಟು ಬೇಕೋ ಅಷ್ಟು ಏರಿಸಿಕೊಳ್ಳಿ.