ಸೀಟೇ ಸ್ಕಾಲರ್‌ಶಿಪ್ ಆದದ್ದು ಹೇಗೆ

ವೃತ್ತಿಪರ ಕೋರ್ಸುಗಳ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಇಟಿಯ ಫಲಿತಾಂಶ ಬಂದು, ಬೇಕಾದ ಕಾಲೇಜುಗಳನ್ನು ಆದ್ಯತೆಯಂತೆ ನಮೂದಿಸುವ ಆಪ್ಷನ್ ಎಂಟ್ರಿ ಶುರುವಾದ ದಿನಗಳಲ್ಲಿ ತಾಲ್ಲೂಕು ಕೇಂದ್ರದ ಯಾವುದಾದರೂ ಸೈಬರ್ ಸೆಂಟರ್‌ನ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು. ಮಗಳು ಕಂಪ್ಯೂಟರ್ ಮುಂದೆ ಕೂತು ಕಾಲೇಜಿನ ಕೋಡುಗಳನ್ನು ಓದುತ್ತಿರುತ್ತಾಳೆ. ಅಪ್ಪ ಹಿಂದೆ ನಿಂತು ಅಂಗಿಯ ಜೇಬಿನಿಂದ ನಾಲ್ಕಾಗಿ ಮಡಿಸಿದ ಚೀಟಿ ತೆಗೆದು, ಯಾರೋ ಮೇಷ್ಟ್ರು ಬರೆದುಕೊಟ್ಟ ಪಟ್ಟಿಯ ಜೊತೆ ಅದನ್ನು ಹೋಲಿಸುತ್ತಿರುತ್ತಾನೆ. ಪಟ್ಟಿಯ ತುದಿಯಲ್ಲಿ ಸಾಮಾನ್ಯವಾಗಿ ಇ001 ಇರುತ್ತದೆ, ಅಂದರೆ ಬೆಂಗಳೂರಿನ ಹಳೆಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಯುವಿಸಿಇ. ಅದು ಸಿಗಲಾರದೆಂದು ಇಬ್ಬರಿಗೂ ಗೊತ್ತಿದ್ದರೂ ಬರೆದಿರುತ್ತಾರೆ. ಅದರ ಕೆಳಗಿನ ಪ್ರತಿ ಸಾಲಿಗೂ ಅಪ್ಪ ಸೈಬರ್ ಸೆಂಟರ್‌ನ ಹುಡುಗನನ್ನು ಕೇಳುವುದು ಒಂದೇ ಪ್ರಶ್ನೆ: "ಇದಕ್ಕೆ ಫೀಸ್ ಎಷ್ಟಾಗುತ್ತೆ ತಮ್ಮಾ?"

ಆ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಒಂದೇ ತರಗತಿಯ ಒಂದೇ ಬೆಂಚಿನಲ್ಲಿ ಕೂತ ನಾಲ್ವರಲ್ಲಿ ಒಬ್ಬ ಸಿಇಟಿ ಸೀಟಿನಲ್ಲಿ ಬಂದವನು, ಇನ್ನೊಬ್ಬಳು ಖಾಸಗಿ ಕಾಲೇಜುಗಳ ಒಕ್ಕೂಟವೇ ಪರೀಕ್ಷೆ ನಡೆಸಿ ಕೊಡುವ ಕಾಮೆಡ್‌-ಕೆ ಸೀಟಿನವಳು, ಮೂರನೆಯವನದು ಮ್ಯಾನೇಜ್‌ಮೆಂಟ್ ಸೀಟು, ನಾಲ್ಕನೆಯವಳದು ಬೋಧನಾ ಶುಲ್ಕವೇ ಇಲ್ಲದ ಸೂಪರ್‌ನ್ಯೂಮರರಿ, ಅಂದರೆ ಹೆಚ್ಚುವರಿ, ಸೀಟು ಆಗಿರಬಹುದು. ಪಾಠ ಒಂದೇ, ಪ್ರಯೋಗಾಲಯ ಒಂದೇ, ಕೊನೆಗೆ ಕೈಗೆ ಬರುವ ಪದವಿಯೂ ಒಂದೇ. ಕಟ್ಟುವ ಹಣ ಮಾತ್ರ ಬೇರೆ ಬೇರೆ. ಈ ವ್ಯತ್ಯಾಸವೇ ಕರ್ನಾಟಕದ ಅತಿ ದೊಡ್ಡ ಮೆರಿಟ್ ಸ್ಕಾಲರ್‌ಶಿಪ್ ಎಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತ ಬಂದಿದೆ. ಯಾವ ಬಜೆಟ್ ಪುಸ್ತಕವೂ ಅದನ್ನು ಆ ಹೆಸರಿನಿಂದ ಕರೆಯುವುದಿಲ್ಲ. ಅದಕ್ಕೆ ಪ್ರತ್ಯೇಕ ಅರ್ಜಿಯಿಲ್ಲ, ಆದಾಯದ ಮಿತಿಯಿಲ್ಲ. ರ‍್ಯಾಂಕ್ ಬಂದರೆ ಬಂತು. ಈ ಏರ್ಪಾಡು ಯಾರೋ ಕೂತು ಯೋಚಿಸಿ ರೂಪಿಸಿದ್ದಲ್ಲ. ಆದೇಶ, ತೀರ್ಪು, ಪ್ರತಿಭಟನೆ, ಒಪ್ಪಂದಗಳ ನಡುವೆ ಅದು ತಾನಾಗಿ ರೂಪುಗೊಂಡಿತು.

ಹಳೆಯ ಮೈಸೂರು ಸಂಸ್ಥಾನದಲ್ಲಿ ವಿದ್ಯಾರ್ಥಿವೇತನವೆಂದರೆ ವ್ಯಕ್ತಿಗೆ ಸಲ್ಲುವ ಹಣ. ಮೈಸೂರು ವಿಶ್ವವಿದ್ಯಾನಿಲಯ ಆರಂಭವಾದದ್ದು 1916ರಲ್ಲಿ. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು, ಅಂದರೆ ಇಂದಿನ ಯುವಿಸಿಇ, ಮರುವರ್ಷ. 1918ರಲ್ಲಿ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯನ್ನು ನಾವು ಸಾಮಾನ್ಯವಾಗಿ ಸರ್ಕಾರಿ ನೌಕರಿಯ ಮೀಸಲಾತಿಗಾಗಿಯೇ ನೆನೆಯುತ್ತೇವೆ. ಆದರೆ ನೌಕರಿಗೆ ಅರ್ಹರಾಗಲು ಹಿಂದುಳಿದ ಸಮುದಾಯಗಳ ಮಕ್ಕಳು ಮೊದಲು ಓದಬೇಕು, ಅದಕ್ಕೆ ವಿದ್ಯಾರ್ಥಿವೇತನವೂ ವಿಶೇಷ ಸೌಲಭ್ಯಗಳೂ ಬೇಕು ಎಂಬುದು ಆ ಚಿಂತನೆಯ ಒಂದು ಭಾಗವೇ ಆಗಿತ್ತು. ಆ ಕಾಲದ ಬಡ ಹುಡುಗನಿಗೆ ಕಾಲೇಜಿನ ಬಾಗಿಲಿಗಿಂತ ದೊಡ್ಡ ಚಿಂತೆ ರಾತ್ರಿಯ ಊಟ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ವಾರಾನ್ನ ಉಂಡು ಓದಿದವರಿದ್ದರು. ಜಾತಿಯ ಕಾರಣಕ್ಕೆ ಆ ಮನೆಗಳ ಪಡಸಾಲೆಯನ್ನೂ ತುಳಿಯಲಾಗದವರಿಗೆ ಮಠಗಳ ಪ್ರಸಾದ ನಿಲಯಗಳು, ಸಮುದಾಯಗಳು ಕಟ್ಟಿಸಿದ ಹಾಸ್ಟೆಲುಗಳು ದಿಕ್ಕಾದವು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗಾಗಿ ಭಾರತ ಸರ್ಕಾರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭಿಸಿದ್ದು 1944ರಲ್ಲಿ, ಸ್ವಾತಂತ್ರ್ಯಕ್ಕೂ ಮೊದಲೇ. ಅದು ಇಂದಿಗೂ ನಡೆಯುತ್ತಿದೆ.

ಸೀಟಿಗಾಗಿ ನಿಜವಾದ ಜಗಳ ಶುರುವಾದದ್ದು ರಾಜ್ಯದ ಏಕೀಕರಣದ ನಂತರ. 1962ರ ಜುಲೈನಲ್ಲಿ ಮೈಸೂರು ಸರ್ಕಾರ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಶೇ 68ರಷ್ಟು ಸೀಟುಗಳನ್ನು ಮೀಸಲಿಟ್ಟು ಆದೇಶ ಹೊರಡಿಸಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಆ ಆದೇಶವನ್ನು ರದ್ದುಪಡಿಸಿ, ಮೀಸಲಾತಿ ಸ್ಥೂಲವಾಗಿ ಅರ್ಧವನ್ನು ಮೀರಬಾರದೆಂದಿತು. ಇಡೀ ದೇಶ ಇಂದಿಗೂ ಚರ್ಚಿಸುತ್ತಿರುವ ಶೇ 50ರ ಗೆರೆಯ ಮೂಲ ನಮ್ಮ ಕಾಲೇಜು ಪ್ರವೇಶದ ಆ ಒಂದು ಆದೇಶದಲ್ಲಿದೆ. ಎರಡೇ ವರ್ಷಗಳಲ್ಲಿ, 1964ರಲ್ಲಿ, ಚಿತ್ರಲೇಖಾ ಪ್ರಕರಣ ಬಂತು. ಆಗ ಆಯ್ಕೆ ಬರೀ ಪರೀಕ್ಷೆಯ ಅಂಕದಿಂದ ಆಗುತ್ತಿರಲಿಲ್ಲ. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ 25ರಷ್ಟನ್ನು ಸಂದರ್ಶನಕ್ಕೆ ಇಡಲಾಗಿತ್ತು. ನ್ಯಾಯಾಲಯ ಅದನ್ನು ಒಪ್ಪಿತು. ಇಂದಿನ ಓದುಗರಿಗೆ ಇದು ವಿಚಿತ್ರವೆನಿಸಬಹುದು. ಹದಿನೇಳರ ಹುಡುಗನನ್ನು ಕೆಲವು ನಿಮಿಷ ಮಾತನಾಡಿಸಿ ಇವನು ಡಾಕ್ಟರಾಗಬಲ್ಲ, ಇವನು ಆಗಲಾರ ಎಂದು ತೀರ್ಮಾನಿಸುವ ಅಧಿಕಾರವನ್ನು ಯಾರ ಕೈಗೂ ಕೊಡಬಾರದೆಂಬ ಹಟ ನಮ್ಮ ಇಂದಿನ ಪದ್ಧತಿಯ ತಳದಲ್ಲಿದ್ದರೆ, ಅದರ ಬೇರು ಅಂಥ ಸಂದರ್ಶನಗಳ ಕಹಿಯಲ್ಲಿದೆ ಎಂದು ನಾನು ಭಾವಿಸುತ್ತೇನೆ.

ಅಷ್ಟರಲ್ಲಿ ಖಾಸಗಿ ಕಾಲೇಜುಗಳ ಕಾಲವೂ ಆರಂಭವಾಗಿತ್ತು. ಬೆಂಗಳೂರಿನ ಬಿಎಂಎಸ್, ಮೈಸೂರಿನ ಎನ್‌ಐಇ ಎರಡೂ 1946ರವು, ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈ ಅವರು ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದ್ದು 1953ರಲ್ಲಿ. ಸರ್ಕಾರಕ್ಕೆ ಕಾಲೇಜು ಕಟ್ಟಲು ದುಡ್ಡಿರಲಿಲ್ಲ, ಕಟ್ಟುವವರಿಗೆ ದುಡ್ಡು ಪೋಷಕರಿಂದಲೇ ಬರಬೇಕಿತ್ತು. 'ಡೊನೇಷನ್' ಎಂಬ ಇಂಗ್ಲಿಷ್ ಪದ ತನ್ನ ಮೂಲ ಅರ್ಥವನ್ನು ಕಳೆದುಕೊಂಡು, ಕೊಡಲೇಬೇಕಾದ ದಾನ ಎಂಬ ಹೊಸ ಅರ್ಥದೊಂದಿಗೆ ಕನ್ನಡದ ಮನೆಮಾತಾದದ್ದು ಹೀಗೆ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಉತ್ತರ ಭಾರತದಿಂದ ರೈಲು ಹತ್ತಿ ಬರುವ ವಿದ್ಯಾರ್ಥಿಗಳ ಸಂಖ್ಯೆ ಬೆಳೆದಂತೆ ಡೊನೇಷನ್ ಮೊತ್ತವೂ ಬೆಳೆಯಿತು. 1984ರಲ್ಲಿ ಕ್ಯಾಪಿಟೇಷನ್ ಶುಲ್ಕ, ಅಂದರೆ ಸೀಟಿಗಾಗಿ ನಿಗದಿತ ಶುಲ್ಕದ ಮೇಲೆ ವಸೂಲು ಮಾಡುವ ಹಣ, ನಿಷೇಧಿಸುವ ಕಾಯ್ದೆ ಬಂತು. ಅದರ ಅಡಿಯಲ್ಲಿ 1989ರ ಜೂನ್‌ನಲ್ಲಿ ಹೊರಟ ಅಧಿಸೂಚನೆ, ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟುಗಳಿಗೆ ಕರ್ನಾಟಕದವರಾದರೆ 25,000, ಹೊರರಾಜ್ಯದವರಾದರೆ 60,000 ಎಂದು ನಿಗದಿ ಮಾಡಿತು. ಒಂದೇ ತರಗತಿಗೆ ಮೂರು ದರ ಸರ್ಕಾರಿ ಕಾಗದದ ಮೇಲೆ ಬಂದು ಕೂತಿತ್ತು.

ಈ 60,000 ರೂಪಾಯಿಯನ್ನು ಕಟ್ಟಲಾಗದ ಮೀರತ್‌ನ ಒಬ್ಬ ವಿದ್ಯಾರ್ಥಿನಿ ನೇರವಾಗಿ ಸುಪ್ರೀಂ ಕೋರ್ಟಿನ ಮೊರೆಹೋದದ್ದೇ ಮೋಹಿನಿ ಜೈನ್ ಪ್ರಕರಣ. 1992ರ ಜುಲೈ 30ರಂದು ಬಂದ ತೀರ್ಪು, ಅಧಿಸೂಚನೆಯ ಹೆಚ್ಚಿನ ದರ ಬೇರೆ ಹೆಸರಿನ ಕ್ಯಾಪಿಟೇಷನ್ ಶುಲ್ಕವೇ ಹೊರತು ಬೇರೇನಲ್ಲ ಎಂದಿತಲ್ಲದೆ, ಶಿಕ್ಷಣದ ಹಕ್ಕು ಬದುಕುವ ಹಕ್ಕಿನ ಭಾಗವೆಂದೂ ಹೇಳಿತು. ಕಾಲೇಜುಗಳು ಸುಮ್ಮನಿರಲಿಲ್ಲ. 1993ರ ಫೆಬ್ರುವರಿಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಉನ್ನಿಕೃಷ್ಣನ್ ಪ್ರಕರಣದಲ್ಲಿ ನಡುದಾರಿ ಹುಡುಕಿತು: ಖಾಸಗಿ ವೃತ್ತಿಪರ ಕಾಲೇಜಿನ ಅರ್ಧ ಸೀಟು ಸರ್ಕಾರಿ ಶುಲ್ಕದ 'ಫ್ರೀ ಸೀಟು', ಇನ್ನರ್ಧ ಹೆಚ್ಚಿನ ಶುಲ್ಕದ 'ಪೇಮೆಂಟ್ ಸೀಟು', ಎರಡಕ್ಕೂ ಆಯ್ಕೆ ಅಂಕದ ಮೇಲೆ. ಮರುವರ್ಷ, 1994ರಲ್ಲಿ, ಕರ್ನಾಟಕ ಸರ್ಕಾರ ಸಿಇಟಿ ಘಟಕವನ್ನು ಸ್ಥಾಪಿಸಿತು. ಅದೇ ಮುಂದೆ ಮಲ್ಲೇಶ್ವರದ ಸಂಪಿಗೆ ರಸ್ತೆಯ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಎಲ್ಲರ ಬಾಯಲ್ಲಿ ಕೆಇಎ, ಆಯಿತು.

ಆ ವರ್ಷಗಳ ಕೌನ್ಸೆಲಿಂಗ್ ಕಂಡವರು ಅದನ್ನು ಮರೆಯಲಾರರು. ರಾತ್ರಿ ಬಸ್ಸಿನಲ್ಲಿ ಬಂದಿಳಿದ ಕುಟುಂಬಗಳು ಬೆಳಗಿನಿಂದ ಸಭಾಂಗಣದಲ್ಲಿ ಕಾಯುತ್ತಿದ್ದವು. ರ‍್ಯಾಂಕ್ ಕೂಗಿದಂತೆ ಒಳಗೆ ಹೋಗಿ, ಉಳಿದಿರುವ ಸೀಟುಗಳ ಪಟ್ಟಿ ನೋಡಿ, ನಿಂತ ನಿಲುವಿನಲ್ಲೇ ಆರಿಸಬೇಕಿತ್ತು. ತಮಗಿಂತ ಹತ್ತು ರ‍್ಯಾಂಕ್ ಮುಂದಿದ್ದವರು ಹೊರಬಂದಾಗ "ಏನು ತಗೊಂಡ್ರಿ?" ಎಂದು ಕೇಳುವುದರಲ್ಲಿ ಹೊಟ್ಟೆಕಿಚ್ಚಿಗಿಂತ ಲೆಕ್ಕಾಚಾರ ಹೆಚ್ಚಿತ್ತು. ಪ್ರಭಾವ, ಶಿಫಾರಸು, ಮಂತ್ರಿಯ ಚೀಟಿ ಯಾವುದೂ ಅಲ್ಲಿ ನಡೆಯಲಿಲ್ಲ ಎಂಬುದು ಸಣ್ಣ ಮಾತಲ್ಲ. ಶಾಲಾ ಮಾಸ್ತರರ, ಕಂಡಕ್ಟರುಗಳ ಮಕ್ಕಳು ಸರ್ಕಾರಿ ದರದಲ್ಲಿ ಹೆಸರಾಂತ ಖಾಸಗಿ ಕಾಲೇಜಿನೊಳಗೆ ಕಾಲಿಟ್ಟರು. ಬೆಂಗಳೂರಿನ ತಂತ್ರಜ್ಞಾನ ಉದ್ಯಮ ಬೆಳೆದ ದಶಕವೂ ಅದೇ. 'ಸಿಇಟಿಯಲ್ಲಿ ಸೀಟು ಸಿಕ್ಕಿತು' ಎಂಬ ಮಾತಿಗೆ ಊರಲ್ಲಿ ಸ್ಕಾಲರ್‌ಶಿಪ್ ಬಂತು ಎಂಬುದಕ್ಕಿಂತ ಹೆಚ್ಚಿನ ತೂಕ ಬಂದದ್ದು ಆಗ.

ಆದರೆ ಫ್ರೀ ಸೀಟಿನ ಖರ್ಚನ್ನು ಭರಿಸುತ್ತಿದ್ದವರು ಯಾರು? ಸರ್ಕಾರವಲ್ಲ, ಪಕ್ಕದಲ್ಲಿ ಕೂತ ಪೇಮೆಂಟ್ ಸೀಟಿನ ಸಹಪಾಠಿ. ಕರ್ನಾಟಕದಿಂದಲೇ ಹೋದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ 2002ರ ಅಕ್ಟೋಬರ್ 31ರಂದು ಬೆರಳಿಟ್ಟದ್ದು ಈ ನೋವಿನ ಜಾಗಕ್ಕೇ. ಬರೀ ಅಂಕದಿಂದ ಅರ್ಹತೆ ಅಳೆಯುವ ಪರೀಕ್ಷೆಯಲ್ಲಿ ನಗರದ ಮಕ್ಕಳಿಗೆ ಸದಾ ಅನುಕೂಲವಿರುತ್ತದೆ. ಹಾಗಾಗಿ ಕಾರ್ಯತಃ ಒಂದಿಷ್ಟು ಕಡಿಮೆ ಅಂಕ ಪಡೆದ ಹಳ್ಳಿಯ ಅಥವಾ ಬಡ ವಿದ್ಯಾರ್ಥಿಯೇ ಉಳ್ಳವರ ಮನೆಯ ನಗರದ ವಿದ್ಯಾರ್ಥಿಯ ಓದಿನ ಹೊರೆ ಹೊರುತ್ತಿದ್ದಾನೆ ಎಂದು ಪೀಠ ಹೇಳಿ, ಉನ್ನಿಕೃಷ್ಣನ್ ಯೋಜನೆಯನ್ನು ತಳ್ಳಿಹಾಕಿತು. ಈ ಮಾತಿನಲ್ಲಿ ಎಷ್ಟು ನಿಜವಿದೆಯೋ ಅಷ್ಟೇ ಅರ್ಧಸತ್ಯವೂ ಇದೆ ಎಂಬುದು ನನ್ನ ಅಭಿಪ್ರಾಯ. ಕೋಚಿಂಗ್ ಪಡೆದವರು ಮುಂದಿರುತ್ತಾರೆ ಎಂಬುದು ಸರಿ. ಆದರೆ ಫ್ರೀ ಸೀಟು ಇಲ್ಲವಾದರೆ ಆ ಹಳ್ಳಿಯ ವಿದ್ಯಾರ್ಥಿಗೆ ಆ ಕಾಲೇಜಿನ ಬಾಗಿಲೇ ಮುಚ್ಚುತ್ತಿತ್ತಲ್ಲ, ಅದಕ್ಕೆ ತೀರ್ಪು ಕೊಟ್ಟ ಪರಿಹಾರ ತೆಳುವಾಗಿತ್ತು.

ಮುಂದಿನ ಕೆಲವು ವರ್ಷ ಗೊಂದಲವೋ ಗೊಂದಲ. 2003ರ ಇಸ್ಲಾಮಿಕ್ ಅಕಾಡೆಮಿ ತೀರ್ಪು ಪ್ರವೇಶ ಮತ್ತು ಶುಲ್ಕಕ್ಕೆ ಸಮಿತಿಗಳನ್ನು ರಚಿಸಲು ಹೇಳಿತು. 2004ರಲ್ಲಿ ಖಾಸಗಿ ಕಾಲೇಜುಗಳ ಕಾಮೆಡ್‌-ಕೆ ಹುಟ್ಟಿತು. 2005ರ ಇನಾಂದಾರ್ ತೀರ್ಪು ಅನುದಾನರಹಿತ ಕಾಲೇಜುಗಳ ಮೇಲೆ ಸರ್ಕಾರ ತನ್ನ ಕೋಟಾ ಹೇರುವಂತಿಲ್ಲವೆಂದಿತು. ಕಾನೂನಿನ ಪ್ರಕಾರ ಸಿಇಟಿ ಸೀಟಿನ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ರಾಜ್ಯ 2006ರಲ್ಲಿ ಪ್ರವೇಶ ಮತ್ತು ಶುಲ್ಕ ನಿಯಂತ್ರಣಕ್ಕೆ ಕಾಯ್ದೆ ಮಾಡಿದರೂ, ಸರ್ಕಾರ ಮತ್ತು ಕಾಲೇಜುಗಳ ಒಕ್ಕೂಟಗಳು ಬೇಸಿಗೆಯಲ್ಲಿ ಎದುರುಬದುರು ಕೂತು ಸೀಟು ಹಂಚಿಕೆ, ಶುಲ್ಕ ಎರಡನ್ನೂ ಚೌಕಾಸಿ ಮಾಡಿ ಸಹಿ ಹಾಕುವ 'ಸಹಮತದ ಒಪ್ಪಂದ'ವೇ ರೂಢಿಯಾಯಿತು. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇ 45 ಸರ್ಕಾರಕ್ಕೆ, ಶೇ 30 ಕಾಮೆಡ್‌-ಕೆಗೆ, ಶೇ 25 ಆಡಳಿತ ಮಂಡಳಿಗೆ ಎಂಬ ಲೆಕ್ಕ ಬಂದದ್ದು ಹೀಗೆ. 2013ರ ಕೊನೆಯಲ್ಲಿ ಆ ಕಾಯ್ದೆಯನ್ನೇ ಜಾರಿಗೆ ತರುವ ಮಾತು ಎದ್ದಾಗ, ಅಗ್ಗದ ಸೀಟುಗಳೇ ಮಾಯವಾಗುತ್ತವೆಂಬ ಆತಂಕದಿಂದ ವಿದ್ಯಾರ್ಥಿಗಳು ಬೀದಿಗಿಳಿದರು. ಸರ್ಕಾರ ಹಿಂದೆ ಸರಿಯಿತು. ಕಾನೂನು ಬೇಡ, ಒಪ್ಪಂದವೇ ಇರಲಿ ಎಂದು ವಿದ್ಯಾರ್ಥಿಗಳೇ ಬೇಡಿಕೊಂಡ ಪ್ರಸಂಗ ಬೇರೆಲ್ಲೂ ನಡೆದಿರಲಾರದು!

ರ‍್ಯಾಂಕೇ ಹಣವಾದ ಮೇಲೆ ಅದರ ಒಂದೊಂದು ಅಂಕಕ್ಕೂ ಕಾದಾಟ ಸಹಜ. ಎಂಜಿನಿಯರಿಂಗ್‌ಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಕೋವಿಡ್‌ನಿಂದ 2021ರ ಪಿಯು ಪರೀಕ್ಷೆ ರದ್ದಾಗಿ, ಆ ಸಾಲಿನವರಿಗೆ ಹಿಂದಿನ ತರಗತಿಗಳ ಆಧಾರದ ಮೇಲೆ ಉದಾರವಾಗಿ ಅಂಕ ಸಿಕ್ಕಿತ್ತು. ಅವರಲ್ಲಿ ಕೆಲವರು 2022ರಲ್ಲಿ ಮತ್ತೆ ಸಿಇಟಿ ಬರೆದಾಗ ಅವರ ಪಿಯು ಅಂಕವನ್ನು ಪರಿಗಣಿಸುವುದಿಲ್ಲವೆಂದು ಕೆಇಎ ಹೇಳಿತು. ವಿಷಯ ಹೈಕೋರ್ಟಿಗೆ ಹೋಗಿ, ಪ್ರತಿ ವಿಷಯದಲ್ಲಿ ಒಂದಿಷ್ಟು ಅಂಕ ಕಡಿತ ಮಾಡಿ ಉಳಿದದ್ದನ್ನು ಸೇರಿಸುವ ಸೂತ್ರಕ್ಕೆ ನ್ಯಾಯಾಲಯದ ಒಪ್ಪಿಗೆ ಸಿಗುವ ಹೊತ್ತಿಗೆ ಕೌನ್ಸೆಲಿಂಗ್ ಹಳಿ ತಪ್ಪಿತ್ತು. 2024ರ ಏಪ್ರಿಲ್ ಪರೀಕ್ಷೆಯಲ್ಲಿ ಪಠ್ಯಕ್ರಮದ ಹೊರಗಿನ 50 ಪ್ರಶ್ನೆಗಳು ನುಸುಳಿ, ಅವನ್ನು ಕೈಬಿಟ್ಟು ಮೌಲ್ಯಮಾಪನ ಮಾಡಬೇಕಾಯಿತು. ವೈದ್ಯಕೀಯದಲ್ಲಂತೂ ಅಳತೆಗೋಲೇ ರಾಜ್ಯದ ಕೈತಪ್ಪಿ ನೀಟ್ ಆಗಿದೆ. ಸೀಟು ಹಂಚುವ ಕೆಲಸ ಮಾತ್ರ ಕೆಇಎಯಲ್ಲಿ ಉಳಿದಿದೆ.

ಟಿ.ಎಂ.ಎ. ಪೈ ತೀರ್ಪು ಎತ್ತಿದ ಹಳ್ಳಿ-ನಗರದ ಪ್ರಶ್ನೆಗೆ ರಾಜ್ಯದ ಉತ್ತರ ಕೋಟಾಗಳಲ್ಲಿದೆ: ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5, ಸಂವಿಧಾನದ 371ಜೆ ವಿಧಿಯನ್ವಯ ಕಲ್ಯಾಣ ಕರ್ನಾಟಕದವರಿಗೆ ಆ ಭಾಗದ ಸೀಟುಗಳಲ್ಲಿ ಶೇ 70, ಉಳಿದೆಡೆ ಶೇ 8. ಕೋಟಾ ಕೈಗೆ ಸಿಗುವುದು ಕಾಗದದ ಮೂಲಕ. ಶಾಲೆಯ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಮೇಲುಸಹಿ ಬೇಕು. ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ತುಂಬಿದಾಗ, ಅಲ್ಲಿ ದಾಖಲಾದ ಹೆಸರೂ ಅಂಕಪಟ್ಟಿಯ ಹೆಸರೂ ಹೊಂದಬೇಕು. ಅಪ್ಪನ ಹೆಸರಿನ ಮುಂದಿನ ಇನಿಷಿಯಲ್ ಒಂದು ಕಡೆ ಹಿಂದೆ ಬಿದ್ದಿದ್ದರೂ ಸಾಕು, ನಾಡಕಚೇರಿಗೆ ಮತ್ತೆರಡು ದಿನದ ಓಡಾಟ.

ಇನ್ನು ಸ್ಕಾಲರ್‌ಶಿಪ್ ಎಂಬ ಹೆಸರಿನಲ್ಲೇ ಬರುವ ಹಣ. ತಾಂತ್ರಿಕ ಶಿಕ್ಷಣದ ಕೇಂದ್ರ ನಿಯಂತ್ರಣ ಸಂಸ್ಥೆ ಎಐಸಿಟಿಇಯ ನಿಯಮದಂತೆ ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಶೇ 5 ಸೀಟು ಬೋಧನಾ ಶುಲ್ಕವಿಲ್ಲದವು. ಕುಟುಂಬದ ಆದಾಯ 8 ಲಕ್ಷದೊಳಗಿರಬೇಕು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಆರಂಭದಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುತ್ತಿದ್ದ ವಿದ್ಯಾಸಿರಿ 2013ರ ನಂತರದ್ದು. 2021ರಲ್ಲಿ ಬಂದ ರೈತ ವಿದ್ಯಾನಿಧಿ ಕಾನೂನು, ನರ್ಸಿಂಗ್‌ನಂಥ ವೃತ್ತಿಪರ ಕೋರ್ಸಿನ ಹುಡುಗರಿಗೆ ವರ್ಷಕ್ಕೆ 7,500, ಹುಡುಗಿಯರಿಗೆ 8,000 ಎಂದು ಗೊತ್ತುಮಾಡಿತು. ಸಿಇಟಿ ಸೀಟಿಗೂ ಮ್ಯಾನೇಜ್‌ಮೆಂಟ್ ಸೀಟಿಗೂ ಇರುವ ವ್ಯತ್ಯಾಸದ ಮುಂದೆ ಈ ಮೊತ್ತಗಳು ಎಷ್ಟು ಚಿಕ್ಕವೆಂದು ಬಿಡಿಸಿ ಹೇಳಬೇಕಿಲ್ಲ. ಖಾಸಗಿ ವಿಶ್ವವಿದ್ಯಾಲಯಗಳು ಜಾಹೀರಾತಿನಲ್ಲಿ ತೋರಿಸುವ 'ಮೆರಿಟ್ ಸ್ಕಾಲರ್‌ಶಿಪ್' ಬೇರೆಯೇ ಬಗೆಯದು. ಶುಲ್ಕ ನಿಗದಿ ಮಾಡಿದವರೇ ರ‍್ಯಾಂಕ್ ನೋಡಿ ಅದರಲ್ಲಿ ಒಂದಿಷ್ಟನ್ನು ಬಿಟ್ಟುಕೊಡುವುದಕ್ಕೆ ನಮ್ಮ ಅಂಗಡಿ ಬೀದಿಯಲ್ಲಿ ರಿಯಾಯಿತಿ ಎನ್ನುತ್ತಾರೆ.

ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕೇಂದ್ರ ಶೇ 60, ರಾಜ್ಯ ಶೇ 40 ಎಂಬ ಪಾಲು ನಿಗದಿಯಾದದ್ದು 2020ರ ಡಿಸೆಂಬರ್‌ನಲ್ಲಿ. ಅದರ ಜೊತೆಗೇ ಕೇಂದ್ರದ ಪಾಲು ನೇರವಾಗಿ ವಿದ್ಯಾರ್ಥಿಯ ಖಾತೆಗೆ ಬರಲಾರಂಭಿಸಿತು. ಮಧ್ಯವರ್ತಿಗಳಿಲ್ಲದ ಪಾವತಿ ಒಳ್ಳೆಯದೇ. ಆದರೆ ಆಧಾರ್ ಜೋಡಣೆ ಕೈಕೊಟ್ಟರೆ ಹಣ ನಿಲ್ಲುತ್ತದೆ, ಕಾಲೇಜಿನ ಕೌಂಟರ್ ಮಾತ್ರ ಕಾಯುವುದಿಲ್ಲ.

ಹೀಗಾಗಿ ಸೈಬರ್ ಸೆಂಟರ್‌ನಲ್ಲಿ ನಿಂತ ಆ ಅಪ್ಪನ ಲೆಕ್ಕದಲ್ಲಿ ಸ್ಕಾಲರ್‌ಶಿಪ್ ಬರುವುದೇ ಇಲ್ಲ. ಸೀಟು ಹಂಚಿಕೆಯಾದ ಮೇಲೆ ನಾಲ್ಕು ಚಾಯ್ಸ್‌ಗಳಲ್ಲಿ ಒಂದನ್ನು ಒತ್ತಲು ಸಿಗುವುದು ಕೆಲವೇ ದಿನ: ಒಪ್ಪಿ ಸೇರುವುದು, ಒಪ್ಪಿ ಮುಂದಿನ ಸುತ್ತಿಗೂ ಕಾಯುವುದು, ಬಿಟ್ಟು ಕಾಯುವುದು, ಪೂರ್ತಿ ಹೊರಬೀಳುವುದು. ಪರಿಶಿಷ್ಟರಿಗೆ ಮತ್ತು ಪ್ರವರ್ಗ 1ರವರಿಗೆ ಆದಾಯ ಮಿತಿಯೊಳಗೆ ಈ ಹಂತದಲ್ಲೇ ಶುಲ್ಕದ ರಿಯಾಯಿತಿ ಉಂಟು. ಉಳಿದವರು ಹಣ ಕಟ್ಟಿದ ಮೇಲೆಯೇ ಪ್ರವೇಶ ಪತ್ರ. ರಾಜ್ಯದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಕಾಲೇಜಿನ ನೋಂದಣಿ ಸಂಖ್ಯೆ ಬೇಕು, ಅದು ಸಿಗುವುದು ಸೇರಿದ ಮೇಲೆ. ಅಷ್ಟರೊಳಗೆ ಇ001ರ ಕೆಳಗಿನ ಯಾವ ಸಾಲನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು ಎಂದು ಅಪ್ಪ-ಮಗಳು ತೀರ್ಮಾನಿಸಿ, ಪ್ರಿಂಟ್‌ಔಟ್‌ಗೆ ದುಡ್ಡು ಕೊಟ್ಟು ಬಸ್ಸು ಹತ್ತಿ ಆಗಿರುತ್ತದೆ.