ದಿನಾ ಸೊಪ್ಪು ತಿಂದರೂ ಬಸುರಿಗೆ ರಕ್ತ ಏರ್ತಿಲ್ಲ, ಯಾಕೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಒಂಟಿ ಮನೆ. ಸೊಸೆಗೆ ಈಗ ಐದು ತಿಂಗಳು. ದಿನಾ ಸೊಪ್ಪು ಮಾಡಿ ಹಾಕ್ತೀನಿ, ಕಬ್ಬಿಣದ ಮಾತ್ರೆನೂ ತಗೋತಾಳೆ. ಆದರೂ ರಕ್ತ (ಹಿಮೋಗ್ಲೋಬಿನ್) 9ರಿಂದ ಮೇಲೆ ಏರ್ತಿಲ್ಲ. ಅಂಗನವಾಡಿ ಸಭೆಯಲ್ಲಿ ಹೇಳಿದ್ದನ್ನೆಲ್ಲ ಮಾಡಿದ್ದೇವೆ. ಎಲ್ಲಿ ತಪ್ತಿದೆ?

ಉತ್ತರ: ಅಮ್ಮಾ, ಮೊದಲು ಕಾಫಿ ವಿಷಯ. ಊಟ, ತಿಂಡಿ ಆದ ಕೂಡಲೇ ನಿಮ್ಮಲ್ಲಿ ಕಾಫಿನೋ ಚಹಾನೋ ಆಗುತ್ತೆ ಅಲ್ವಾ? ಮಲೆನಾಡಿನಲ್ಲಿ, ಅದೂ ಮಳೆಗಾಲದಲ್ಲಿ, ಆಗದ ಮನೆ ಹುಡುಕಬೇಕು. ಅದರಲ್ಲಿರುವ ಒಗರಿನ ಅಂಶ ಸೊಪ್ಪು, ಕಾಳಿನ ಕಬ್ಬಿಣವನ್ನು ಕರುಳಿನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಮೈಗೆ ಸೇರುವ ಕಬ್ಬಿಣ ಅರ್ಧಕ್ಕಿಂತಲೂ ಕೆಳಗೆ ಇಳಿಯಬಹುದು. ಕಾಫಿ ಬಿಡಿಸಿ ಅಂತ ನಾನು ಹೇಳಲ್ಲ. ಹೇಳಿದರೂ ಯಾರು ಕೇಳ್ತಾರೆ! ಊಟಕ್ಕೂ ಕಾಫಿಗೂ ನಡುವೆ ಒಂದೆರಡು ಗಂಟೆ ಬಿಡಿ, ಸಾಕು.

ಇನ್ನು ಸೊಪ್ಪು. ಮೀನು, ಮಾಂಸದ ಕಬ್ಬಿಣ ಸಲೀಸಾಗಿ ಮೈಗೆ ಹಿಡಿಯುತ್ತದೆ. ಹರಿವೆ, ನುಗ್ಗೆ, ಬಸಳೆಯದ್ದು ಹಾಗಲ್ಲ, ಅದರಲ್ಲಿ ಸ್ವಲ್ಪವೇ ಒಳಗೆ ಹೋಗೋದು. ಜೊತೆಗೆ ಸಿ ಜೀವಸತ್ವ ಇದ್ದರೆ ಜಾಸ್ತಿ ಹೋಗುತ್ತದೆ. ಪಲ್ಯ ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಿ. ಕುದಿಯುವಾಗಲೇ ಹಿಂಡಿದರೆ ಆ ಜೀವಸತ್ವ ಹಾಳಾಗುತ್ತದೆ. ಹುಣಸೆಹುಳಿ ರುಚಿಗೆ ಸರಿ, ಅದರಲ್ಲಿ ಸಿ ಜೀವಸತ್ವ ತೀರಾ ಕಮ್ಮಿ. ಹಿತ್ತಲಲ್ಲಿ ಸೀಬೆ, ನೆಲ್ಲಿಕಾಯಿ ಇದ್ದರೆ ಊಟದ ಜೊತೆಗೇ ಹಸಿಯಾಗಿ ಕೊಡಿ. ಹೆಸರುಕಾಳನ್ನು ಮೊಳಕೆ ಕಟ್ಟಿ ಕೋಸಂಬರಿ ಮಾಡಿದರೂ ಒಳ್ಳೆಯದೇ. ಬೀಟ್‌ರೂಟ್ ತಿಂದರೆ ರಕ್ತ ಬರುತ್ತೆ ಅನ್ನೋದು ಮಾತ್ರ ಸುಮ್ನೆ ಬಣ್ಣ ನೋಡಿ ಹುಟ್ಟಿದ ಮಾತು. 100 ಗ್ರಾಂ ಬೀಟ್‌ರೂಟಿನಲ್ಲಿ 1 ಮಿಲಿಗ್ರಾಂ ಕಬ್ಬಿಣವೂ ಇರುವುದಿಲ್ಲ.

ಆದರೆ 9ಕ್ಕೆ ಇಳಿದ ರಕ್ತವನ್ನು ಬರೀ ಊಟದಿಂದ ಮೇಲೆತ್ತೋದು ಕಷ್ಟ, ಮಾತ್ರೆ ಬೇಕೇ ಬೇಕು. ಇಲ್ಲೇ ಬಹಳ ಮನೆಗಳಲ್ಲಿ ಲೆಕ್ಕ ತಪ್ಪೋದು. ಬಸುರಿಗೆ ಹಿಮೋಗ್ಲೋಬಿನ್ 11 ಇರಬೇಕು. ಅಷ್ಟಿದ್ದವರಿಗೆ ದಿನಕ್ಕೆ ಒಂದು ಮಾತ್ರೆ, 60 ಮಿಲಿಗ್ರಾಂ ಕಬ್ಬಿಣದ್ದು, 180 ದಿನ. 7ರಿಂದ 11ರೊಳಗೆ ಇರುವವರಿಗೆ ಸರ್ಕಾರಿ ಪದ್ಧತಿಯಲ್ಲಿ ದಿನಕ್ಕೆ ಎರಡು ಕೊಡುತ್ತಾರೆ. ನಿಮ್ಮ ಸೊಸೆಗೆ ಎಷ್ಟು ಬರೆದಿದ್ದಾರೆ ಅಂತ ತಾಯಿ ಕಾರ್ಡ್ ತೆಗೆದು ನೋಡಿ. ಒಂದೇ ಇದ್ದರೆ ನರ್ಸಮ್ಮನನ್ನು ಕೇಳಿ, ನೀವೇ ಹೆಚ್ಚಿಸಬೇಡಿ. ಹಾಲಿನ ಜೊತೆಗಾಗಲಿ ಕ್ಯಾಲ್ಸಿಯಂ ಮಾತ್ರೆಯ ಜೊತೆಗಾಗಲಿ ಇದನ್ನು ನುಂಗಬಾರದು, ಎರಡು ಗಂಟೆ ಅಂತರ ಬೇಕು.

ಮತ್ತೆ, ಆಕೆ ದಿನಾ ನುಂಗುತ್ತಿದ್ದಾಳಾ? ಬೈಯಬೇಡಿ, ಮೆಲ್ಲಗೆ ಕೇಳಿ. ವಾಕರಿಕೆ ಬರುತ್ತೆ, ಮಲ ಕಪ್ಪಗಾಗುತ್ತೆ, ಮಾತ್ರೆ ಉಷ್ಣ ಅಂತ ಎಷ್ಟೋ ಹುಡುಗಿಯರು ಡಬ್ಬಿಯಲ್ಲೇ ಉಳಿಸುತ್ತಾರೆ. ಮಲ ಕಪ್ಪಗಾದರೆ ಹೆದರೋದು ಬೇಡ. ವಾಕರಿಕೆ ಇದ್ದರೆ ರಾತ್ರಿ ಮಲಗುವಾಗ ತಗೊಳ್ಳಲಿ.

ತೋಟಕ್ಕೆ ಬರಿಗಾಲಲ್ಲಿ ಹೋಗುವ ರೂಢಿ ಇದೆಯಾ? ಅಡಿಕೆ ತೋಟದಂಥ ನೆರಳಿನ ಹಸಿ ಮಣ್ಣಿನಲ್ಲಿ, ಬಯಲಿಗೆ ಹೋಗುವ ಕಡೆ, ಕೊಕ್ಕೆಹುಳುವಿನ ಮರಿ ಇರಬಹುದು. ಅದು ಪಾದದ ಚರ್ಮ ಕೊರೆದು ಒಳಹೊಕ್ಕು, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಚಪ್ಪಲಿ ಹಾಕಲಿ. ಮೂರು ತಿಂಗಳು ದಾಟಿದ ಬಸುರಿಗೆ ಜಂತುಹುಳುವಿನ ಮಾತ್ರೆ ಒಂದು ಸಲ ಕೊಡುವ ಪದ್ಧತಿ ಇದೆ, ಆಶಾ ಕಾರ್ಯಕರ್ತೆಯ ಹತ್ತಿರ ವಿಚಾರಿಸಿ.

ಅಂಗನವಾಡಿಯ ಬಗ್ಗೆ ಒಂದು ಮಾತು. 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ, ಬಾಣಂತಿಯರಿಗೆ ಮಧ್ಯಾಹ್ನ ಬಿಸಿಯೂಟ, ಮೊಟ್ಟೆ, ಹಾಲು ಅಂತ ಇಟ್ಟರು. ಬಯಲುಸೀಮೆಯ ಊರಿಗೆ ಅದು ಸರಿ. ಗುಡ್ಡ ಇಳಿದು, ಹಳ್ಳ ದಾಟಿ ಬರಬೇಕಾದ ಒಂಟಿ ಮನೆಯ ಬಸುರಿ ಜಡಿಮಳೆಯಲ್ಲಿ ಒಂದು ಊಟಕ್ಕೆ ಹೇಗೆ ಬರಬೇಕು? ಸಭೆಯದ್ದೂ ಅದೇ ಕಥೆ. ಪಾಠ ಹೇಳೋದು ಸೊಸೆಗೆ, ಅಡುಗೆಮನೆ ಅತ್ತೆಯದ್ದು, ಪೇಟೆಯಿಂದ ಸಾಮಾನು ತರೋದು ಮಗ. ಮುಂದಿನ ಸಭೆಗೆ ನೀವೂ ಹೋಗಿ, ಮಗನನ್ನೂ ಎಳೆದುಕೊಂಡು ಹೋಗಿ.

ಇಷ್ಟೆಲ್ಲ ಮಾಡಿ ಒಂದು ತಿಂಗಳಾದ ಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ. ಕನಿಷ್ಠ 1 ಗ್ರಾಂ ಏರದಿದ್ದರೆ ಕಾಯಬೇಡಿ, ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೇರೆ ಕಾರಣ ಇದೆಯಾ, ನರಕ್ಕೆ ಕಬ್ಬಿಣದ ಇಂಜೆಕ್ಷನ್ ಕೊಡಬೇಕಾ ಅಂತ ಅಲ್ಲಿನ ಡಾಕ್ಟರು ನೋಡುತ್ತಾರೆ.