ಕೀಲಿ ತೆಗೆದ ಪ್ರೊಸೆಸರ್

‘ಅನ್‌ಲಾಕ್ ಮಾಡಿದ್ದೈತ್ರಿ, ಡಬಲ್ ಸ್ಪೀಡ್ ಬರ್ತೈತಿ.’ ಹುಬ್ಬಳ್ಳಿಯಲ್ಲಿ ಹಳೆ ಕಂಪ್ಯೂಟರ್ ಮಾರುವವರ ಬಾಯಲ್ಲಿ ಈ ಮಾತು ಇನ್ನೂ ನಿಂತಿಲ್ಲ. ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಚಿಪ್ಪಿನ ವೇಗಕ್ಕೆ ಹಾಕಿದ ಬೀಗ ತೆಗೆಯುವುದು ಅನ್‌ಲಾಕ್, ಕಂಪನಿ ಗೊತ್ತುಮಾಡಿದ್ದಕ್ಕಿಂತ ಜೋರಾಗಿ ಅದನ್ನು ಓಡಿಸುವುದು ಓವರ್‌ಕ್ಲಾಕ್. ಅದು ಬೇರೆ, ಇದು ಬೇರೆ. ಗಾಡಿಯ ಕೀಲಿ ತೆಗೆದ ಮಾತ್ರಕ್ಕೆ ಯಾರೂ ಧಾರವಾಡ ಮುಟ್ಟಿಲ್ಲ.

ನಮ್ಮ ಕಡೆ ಕೀಲಿ ಎಂದರೆ ಬೀಗ, ಅದನ್ನು ತೆಗೆಯುವುದು ಕೀಲಿಕೈ. ಕಂಪ್ಯೂಟರ್ ಕನ್ನಡದ ‘ಕೀಲಿಮಣೆ’ಯಲ್ಲಿ ಮಾತ್ರ ಕೀಲಿ ಎಂದರೆ ಕೀ, ನಮ್ಮ ಕಿವಿಗೆ ಅದು ಬೀಗ ಜಡಿದ ಹಲಗೆ. ಮೂಲ ಸಂಸ್ಕೃತದ ‘ಕೀಲ’: ಗೂಟ, ಮೊಳೆ. ಮೊಣಕಾಲಿನ ಕೀಲು, ಬಾಗಿಲ ಕೀಲು, ಎರಡು ತುಂಡು ಕೂಡುವ ಜಾಗಗಳೂ ಇದೇ ಬಳಗದವು. ಪ್ರೊಸೆಸರ್‌ಗೆ ಒಪ್ಪುವುದು ಈ ಅರ್ಥವೇ. ಬಾಗಿಲಿನ ಗೂಟ ಕಿತ್ತರೆ ತೆರೆಯುತ್ತದೆ. 2000ದ ಎಎಂಡಿ ಕಂಪನಿಯ ಅಥ್ಲಾನ್, ಡ್ಯುರಾನ್ ಪ್ರೊಸೆಸರ್‌ಗಳಲ್ಲಿ ಬೀಗವೆಂದರೆ ಕರೆಂಟ್ ಹಾಯದಂತೆ ಕಡಿದ ಗೆರೆ. ಅಲ್ಲಿ ಕೀಲಿ ತೆಗೆಯಬೇಕೆಂದರೆ ಕೀಲು ಕೂಡಿಸಬೇಕು!

ಪ್ರೊಸೆಸರ್ ವೇಗವೆಂದರೆ ಬಸ್ (ಚಿಪ್ಪಿಗೂ ಮದರ್‌ಬೋರ್ಡಿಗೂ ನಡುವಿನ ದಾರಿ) ವೇಗ ಗುಣಿಸು ಗುಣಕ, ಅಂದರೆ ಅದರ ಎಷ್ಟು ಪಟ್ಟು ಎಂಬ ಸಂಖ್ಯೆ. ಡ್ಯುರಾನ್ 600ರಲ್ಲಿ ಬಸ್ 100 ಮೆಗಾಹರ್ಟ್ಸ್, ಗುಣಕ 6. ಅಗ್ಗದ ಚಿಪ್ಪಿಗೆ ದೊಡ್ಡ ನಂಬರ್ ಒತ್ತಿ ಮಾರುವವರ ಕಾಟಕ್ಕೆ ಕಂಪನಿಗಳು ಗುಣಕಕ್ಕೆ ಬೀಗ ಹಾಕಿದವು. ಚಿಪ್ಪಿನ ಮೇಲೆ ಎಲ್1 ಎಂದು ಬರೆದಲ್ಲಿ ನಾಲ್ಕು ಜೋಡಿ ಚುಕ್ಕೆಗಳಿರುತ್ತವೆ, ಜೋಡಿಯ ನಡುವಿನ ಗೆರೆಯನ್ನು ಲೇಸರ್ ಕಡಿದಿರುತ್ತದೆ. ಚೂಪಾದ 2ಬಿ ಪೆನ್ಸಿಲಿನಿಂದ ಚುಕ್ಕೆಯಿಂದ ಚುಕ್ಕೆಗೆ ನಾಲ್ಕಾರು ಸಲ ಒತ್ತಿ ಎಳೆದರೆ ಗ್ರಾಫೈಟ್ ಕರೆಂಟ್ ಹಾಯಿಸುತ್ತದೆ. ನಾಲ್ಕೂ ಕೂಡಬೇಕು. ಪುಡಿ ಪಕ್ಕದ ಜೋಡಿಗೆ ತಾಗಿದರೆ ಗುಣಕ ತಪ್ಪಾಗುತ್ತದೆ, ಮಷಿನ್ ಏಳದೆಯೂ ಇರಬಹುದು. ಸೂಜಿ ಮೊನೆಯಿಂದ ಕೆರೆದು ಮಲ್ಟಿಮೀಟರ್ ಹಿಡಿದು ನೋಡಿ. ಥರ್ಮಲ್ ಪೇಸ್ಟ್ ಒರೆಸುವ ಸ್ಪಿರಿಟ್ ತಾಗಿದರೆ ಪೆನ್ಸಿಲ್ ಗೆರೆಯೂ ಅದರೊಂದಿಗೇ ಹೋಗುತ್ತದೆ.

2001ರ ಅಥ್ಲಾನ್ ಎಕ್ಸ್‌ಪಿಗೆ ಪೆನ್ಸಿಲ್ ನಡೆಯದು. ಅಲ್ಲಿ ಐದು ಜೋಡಿ. ಲೇಸರ್ ಗುಂಡಿಯನ್ನೇ ತೋಡಿರುತ್ತದೆ, ತಳದಲ್ಲಿ ಗ್ರೌಂಡಿನ ತಾಮ್ರ. ಕರೆಂಟ್ ಹಾಯುವ ಪೇಂಟನ್ನು ನೇರ ಬಳಿದರೆ ಶಾರ್ಟ್. ಗುಂಡಿಗೆ ಮೊದಲು ಫೆವಿಕ್ವಿಕ್ ತುಂಬಿ, ಒಣಗಿದ ಮೇಲೆ ಬ್ಲೇಡಿನಿಂದ ಸಮ ಮಾಡಿ, ಇಕ್ಕೆಲಕ್ಕೂ ಟೇಪ್ ಹಚ್ಚಿ, ಕಾರಿನ ಹಿಂಗಾಜಿನ ಹೀಟರ್ ಗೆರೆ ರಿಪೇರಿಗೆ ಬಳಸುವ ಬೆಳ್ಳಿ ಪೇಂಟ್ ಎಳೆಯಬೇಕು.

ಇಷ್ಟಾದರೂ ವೇಗ ಒಂದು ಮೆಗಾಹರ್ಟ್ಸೂ ಏರಿಲ್ಲ. ಮದರ್‌ಬೋರ್ಡಿನಲ್ಲಿ ಗುಣಕ ಬದಲಿಸುವ ಡಿಪ್ ಸ್ವಿಚ್ (ಪುಟ್ಟ ಸ್ವಿಚ್ಚುಗಳ ಸಾಲು) ಅಥವಾ ಬಯೋಸ್ (ಮಷಿನ್ ಏಳುವಾಗಿನ ಸೆಟ್ಟಿಂಗ್) ಆಯ್ಕೆ ಇರದಿದ್ದರೆ ಏರುವುದೂ ಇಲ್ಲ. ಅಲ್ಲಿ 6 ಹೋಗಿ 8 ಆದಾಗ 800. ಓವರ್‌ಕ್ಲಾಕ್ ಎಂಬುದು ಆ ಗಳಿಗೆಯ ಹೆಸರು. ಬೀಗ ಮುಟ್ಟದೆ ಬಸ್ಸನ್ನು 110ಕ್ಕೆ ಏರಿಸಿ 660 ಪಡೆದರೆ ಅದೂ ಓವರ್‌ಕ್ಲಾಕೇ, ಅನ್‌ಲಾಕ್ ಅಲ್ಲ. ಬೀಗ ತೆಗೆದು ಗುಣಕ 5ಕ್ಕೆ ಇಳಿಸಿ 500ರಲ್ಲಿ ತಣ್ಣಗೆ ಓಡಿಸಿದರೆ ಅನ್‌ಲಾಕ್ ಇದೆ, ಓವರ್‌ಕ್ಲಾಕ್ ಇಲ್ಲ. ಇನ್ನು ಮೇಲೆ ‘ಅನ್‌ಲಾಕ್ ಐತ್ರಿ’ ಅಂದವರಿಗೆ ‘ಗುಣಕ ಬದಲಿಸಿ ತೋರಿಸ್ರಿ’ ಅನ್ನಿ.